ಕೂಸು ಮಲಗಿದೆ ಎಂದು ನಂಬಬಾರದ ರಾತ್ರಿ

ಎಂಟು ತಿಂಗಳ ಆ ಗಂಡುಕೂಸನ್ನು ನಾನು ಮೊದಲು ಕಂಡಾಗ ಅದು ತಾಯಿಯ ಹೆಗಲ ಮೇಲೆ ಮಲಗಿತ್ತು. ಹಿಂದಿನ ದಿನದಿಂದ ವಾಂತಿ, ಅಂದು ಸಂಜೆ ಲೋಳೆಯೊಂದಿಗೆ ರಕ್ತ. ಊರಿನಲ್ಲಿ ಆಮಶಂಕೆಯೆಂದು ಔಷಧ ಕೊಟ್ಟಿದ್ದರು. ತಾಯಿ ಹೇಳಿದ್ದು ಇಷ್ಟು: “ಒಮ್ಮೆಗೇ ಚೀರ್ತಾನ್ರೀ ಸರ, ಕಾಲು ಹೊಟ್ಟಿಗೆ ಮಡಚ್ಕೊಂತಾನ, ಆಮ್ಯಾಗ ಏನೂ ಆಗಿಲ್ಲದಂಗ ಸುಮ್ಮನಾಗ್ತಾನ್ರೀ.” ನನಗೆ ರೋಗದ ಹೆಸರು ಆ ಮಾತಿನಲ್ಲೇ ಸಿಕ್ಕಿತು.

ಇಂಟಸಸೆಪ್ಷನ್ ಎಂದರೆ ಕರುಳಿನ ಒಂದು ಭಾಗ ಅದರ ಮುಂದಿನ ಭಾಗದೊಳಗೆ ತೂರಿಕೊಳ್ಳುವುದು. ಅಂಗಿ ಕಳಚುವಾಗ ತೋಳು ತನ್ನೊಳಗೇ ಮಡಚಿ ಸೇರಿಕೊಳ್ಳುವ ಹಾಗೆ. ಬಹುತೇಕ ಸಣ್ಣ ಕರುಳಿನ ತುದಿಯೇ ದೊಡ್ಡ ಕರುಳಿನೊಳಗೆ ಹೋಗುತ್ತದೆ, ಮತ್ತು 3 ತಿಂಗಳಿನಿಂದ 2 ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ರಕ್ತನಾಳಗಳೂ ಜೊತೆಯಲ್ಲೇ ಎಳೆದುಕೊಂಡು ಹೋಗುವುದರಿಂದ ಮೊದಲು ಬಾವು, ಆಮೇಲೆ ರಕ್ತಸ್ರಾವ, ತಡವಾದರೆ ಕರುಳೇ ಕೊಳೆಯುತ್ತದೆ. ಬಿಟ್ಟುಬಿಟ್ಟು ಬರುವ ನೋವು, ವಾಂತಿ, ರಕ್ತಮಿಶ್ರಿತ ಲೋಳೆ ಎಂಬ ಮೂರೂ ಲಕ್ಷಣಗಳು ಒಟ್ಟಿಗೆ ಕಾಣಿಸುವುದು ಮೂರರಲ್ಲಿ ಒಂದು ಮಗುವಿನಲ್ಲೂ ಇಲ್ಲ. ರಕ್ತ ಕಾಣಲಿ ಎಂದು ಕಾಯುವವನು ತಡಮಾಡಿದವನೇ.

ನಾನೂ ಹೀಗೆ ತಡಮಾಡಿದವನು. ವೃತ್ತಿಯ ಆರಂಭದಲ್ಲಿ ಇನ್ನೊಂದು ಕೂಸಿನ ಇಂಥದೇ ನಿದ್ದೆಯನ್ನು ನೆಮ್ಮದಿಯೆಂದು ತಿಳಿದು ಬೆಳಗಿನವರೆಗೆ ಬಿಟ್ಟಿದ್ದೆ. ಅದು ನಿದ್ದೆಯಾಗಿರಲಿಲ್ಲ, ಮಂಪರು. ಹೊಟ್ಟೆ ತೆರೆದಾಗ ಗೇಣುದ್ದ ಕರುಳು ಕಪ್ಪಾಗಿತ್ತು.

ಈ ಕೂಸಿನ ಹೊಟ್ಟೆಯನ್ನು, ಅಂಗೈ ಬೆಚ್ಚಗೆ ಮಾಡಿಕೊಂಡು, ಮಲಗಿದ್ದಾಗಲೇ ಮುಟ್ಟಿ ನೋಡಿದೆ. ಬಲ ಕೆಳಭಾಗ ಖಾಲಿ. ಯಕೃತ್ತಿನ ಕೆಳಗೆ ಉದ್ದನೆಯ, ಮೆತ್ತನೆಯ ಗಡ್ಡೆ. ಅಲ್ಟ್ರಾಸೌಂಡಿನಲ್ಲಿ ಒಂದರೊಳಗೊಂದು ಉಂಗುರಗಳು ಕಂಡವು. ಆದರೆ ರೋಗ ಗೊತ್ತಾಯಿತೆಂದು ನೇರ ಚಿಕಿತ್ಸೆಗೆ ಧಾವಿಸುವಂತಿಲ್ಲ. ಬಾಯಿ ಒಣಗಿ ನಾಡಿ ಓಡುತ್ತಿದ್ದ ಮಗುವಿಗೆ ಮೊದಲು ಕೆ.ಜಿ.ಗೆ 20 ಮಿ.ಲೀ.ನಂತೆ ಸಲೈನ್ ಕೊಟ್ಟು, ಮೂಗಿನಿಂದ ಜಠರಕ್ಕೆ ನಳಿಕೆ ಹಾಕಿ, ರಕ್ತವನ್ನು ಹೊಂದಿಸಿಟ್ಟು, ಆಪರೇಷನ್ ಥಿಯೇಟರನ್ನೂ ಸಿದ್ಧವಿಡಲು ಹೇಳಿದೆ.

ಕರುಳು ತೂತಾಗಿದ್ದರೆ, ಹೊಟ್ಟೆ ಬಿಗಿದು ಸೋಂಕು ಹರಡಿದ್ದರೆ ಅಥವಾ ಮಗು ಆಘಾತದಿಂದ (ರಕ್ತಸಂಚಾರ ಕುಸಿದ ಸ್ಥಿತಿಯಿಂದ) ಚೇತರಿಸಿಕೊಳ್ಳದಿದ್ದರೆ, ನೀರಿನ ಒತ್ತಡದಿಂದ ಕರುಳನ್ನು ಹಿಂದಕ್ಕೆ ತಳ್ಳುವ ಪ್ರಯತ್ನ ಕೂಡದು. ಇಲ್ಲಿ ಅದಾವುದೂ ಇರಲಿಲ್ಲ. ಗುದದ್ವಾರದಲ್ಲಿ ಫೋಲಿ ಕ್ಯಾತಿಟರ್ ಎಂಬ ಮೆತ್ತನೆಯ ನಳಿಕೆ ಇಟ್ಟು, ಸುಮಾರು ಒಂದು ಮೀಟರ್ ಎತ್ತರದಿಂದ ಬೆಚ್ಚನೆಯ ಸಲೈನ್ ಇಳಿಬಿಟ್ಟು, ಪರದೆಯ ಮೇಲೆ ಆ ಗಡ್ಡೆ ಹಿಂದೆ ಸರಿಯುವುದನ್ನು ನೋಡುತ್ತಾ ನಿಂತೆವು. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1876ರಲ್ಲೇ ಇಂಥ ನೀರಿನ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದ್ದರು. ಸ್ಕ್ಯಾನಿಂಗ್ ಎಂಬುದೇ ಇಲ್ಲದ ಕಾಲದಲ್ಲಿ ಅವರಿಗೆ ಆ ಧೈರ್ಯ ಹೇಗೆ ಬಂದಿತೋ! ನಮಗೆ ಮೂರನೆಯ ಪ್ರಯತ್ನದಲ್ಲಿ ನೀರು ಎರಡು ಕರುಳುಗಳ ನಡುವಿನ ಕವಾಟ ದಾಟಿ ಸಣ್ಣ ಕರುಳಿಗೆ ನುಗ್ಗಿದ್ದು ಕಂಡಿತು. ಅದು ಕಾಣುವವರೆಗೆ ಗೆದ್ದೆವೆಂದು ಹೇಳುವಂತಿಲ್ಲ. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಇದು ಮರುಕಳಿಸುತ್ತದೆ. ಈ ಕೂಸಿಗೂ ಅದೇ ರಾತ್ರಿ ಮರುಕಳಿಸಿ, ಮತ್ತೊಮ್ಮೆ ನೀರಿನಿಂದಲೇ ಸರಿಹೋಯಿತು.

ವೃತ್ತಿಯ ಆರಂಭದ ಆ ಕೂಸಿನ ಕಥೆ ಅಷ್ಟು ಸಲೀಸಾಗಿರಲಿಲ್ಲ. ತೂರಿದ ಕರುಳನ್ನು ಎಂದೂ ಜಗ್ಗಬಾರದು, ತುದಿಯ ಕಡೆಯಿಂದ ಹಿಂಡಿ ಹಿಂದಕ್ಕೆ ತಳ್ಳಬೇಕು. ಹಾಗೆ ಮಾಡಿಯೂ ಕಪ್ಪಾದ ಭಾಗ ಕೆಂಪಾಗಲಿಲ್ಲವಾದ್ದರಿಂದ ಅದನ್ನು ಕತ್ತರಿಸಿ ಎರಡು ತುದಿಗಳನ್ನು ಜೋಡಿಸಿದೆ. ಐದನೆಯ ದಿನ ಜ್ವರ ಬಂತು, ಹೊಟ್ಟೆ ಉಬ್ಬಿತು. ಆದರೆ ಅದಕ್ಕೂ ಹಿಂದಿನ ರಾತ್ರಿಯೇ ನಾಡಿಯ ಗತಿ ಏರಿತ್ತು. ಹೊಲಿಗೆ ಸೋರುತ್ತಿತ್ತು. ಮತ್ತೆ ಹೊಟ್ಟೆ ತೆರೆದು ತೊಳೆದು, ಮತ್ತೆ ಜೋಡಿಸುವ ಆಸೆಯನ್ನು ಬದಿಗಿಟ್ಟು ಕರುಳಿನ ತುದಿಗಳನ್ನು ಹೊಟ್ಟೆಯ ಹೊರಗೆ ತಂದಿಟ್ಟೆ. ಎಂಟು ವಾರಗಳ ನಂತರ, ತೂಕ ಏರಿದ ಮೇಲೆ, ಅವನ್ನು ಮತ್ತೆ ಸೇರಿಸಿದೆ.

ಆ ಕೂಸಿನ ಅವ್ವನೂ ಮೊದಲ ರಾತ್ರಿ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದಳು. ನಾನು ಕೇಸ್ ಶೀಟಿನಲ್ಲಿ ‘ಅಳು’ ಎಂದಷ್ಟೇ ಬರೆದಿದ್ದೆ. ಈಗ ಅವರಾಡಿದ ಮಾತನ್ನೇ, ಅವರ ಭಾಷೆಯಲ್ಲೇ, ಗಂಟೆಯೊಂದಿಗೆ ಬರೆದುಕೊಳ್ಳುತ್ತೇನೆ.