ಪಲ್ಮನರಿ ಹೈಪರ್‌ಟೆನ್ಷನ್: ಮಾತ್ರೆ ಅದೇ, ಹೆಂಗಸರಿಗೂ ಗಂಡಸರಿಗೂ ಎಚ್ಚರಿಕೆ ಬೇರೆ

ಶ್ವಾಸಕೋಶದ ಅಪಧಮನಿಗಳೇ ಕಿರಿದಾಗಿ ಒತ್ತಡ ಏರುವ ಕಾಯಿಲೆ ಹೆಂಗಸರಲ್ಲೇ ಹೆಚ್ಚು. ಆದರೆ ಬಂದಮೇಲೆ ಗಂಡಸರ ಸ್ಥಿತಿಯೇ ಬೇಗ ಹದಗೆಡುತ್ತದೆ. ಶ್ವಾಸಕೋಶಕ್ಕೆ ರಕ್ತ ತಳ್ಳುವ ಅವರ ಹೃದಯದ ಬಲ ಹೃತ್ಕುಕ್ಷಿ (ಬಲಗಡೆಯ ಕೆಳಕೋಣೆ) ಈ ಒತ್ತಡವನ್ನು ಅಷ್ಟು ಚೆನ್ನಾಗಿ ತಾಳುವುದಿಲ್ಲ. ಔಷಧಿಯ ಪ್ರಮಾಣ ಮಾತ್ರ ಇಬ್ಬರಿಗೂ ಒಂದೇ. ವ್ಯತ್ಯಾಸವಿರುವುದು ಅದರ ಜೊತೆಗಿನ ಎಚ್ಚರಿಕೆಗಳಲ್ಲಿ.

ಈ ಕಾಯಿಲೆಗೆ ಕೊಡುವ ಬೊಸೆಂಟಾನ್, ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್, ರಿಯೊಸಿಗ್ವಾಟ್, ಈ ನಾಲ್ಕೂ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಗರ್ಭ ಧರಿಸಬಲ್ಲ ವಯಸ್ಸಿನವರು ಮೊದಲ ಮಾತ್ರೆಗೆ ಮುನ್ನ, ಆಮೇಲೆ ಪ್ರತಿ ತಿಂಗಳು, ಮಾತ್ರೆ ನಿಲ್ಲಿಸಿದ ಒಂದು ತಿಂಗಳ ನಂತರವೂ ಗರ್ಭಪರೀಕ್ಷೆ ಮಾಡಿಸಬೇಕು. ಈ ಕಾಯಿಲೆಯಲ್ಲಿ ಬಸುರಿಯಾಗುವುದೇ ತಾಯಿಯ ಜೀವಕ್ಕೆ ದೊಡ್ಡ ಅಪಾಯ.

ಎಡವುವುದು ಗರ್ಭನಿರೋಧಕದಲ್ಲಿ. ಬೊಸೆಂಟಾನ್ ತೆಗೆದುಕೊಂಡರೆ ಲಿವರ್ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ. ಹಾಗಾಗಿ ಗುಳಿಗೆಯನ್ನೋ ತೋಳಿನ ಇಂಪ್ಲಾಂಟನ್ನೋ ಮಾತ್ರ ನಂಬಿ ಕೂರುವಂತಿಲ್ಲ. ಈಸ್ಟ್ರೋಜೆನ್ ಇರುವ ಗುಳಿಗೆ ರಕ್ತ ಹೆಪ್ಪುಗಟ್ಟಿಸುವ ಭಯವಿರುವುದರಿಂದ ಅದನ್ನು ಬಿಡುವುದೇ ಒಳ್ಳೆಯದು. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ, ಅಂದರೆ ಲೆವೊನೊರ್ಜೆಸ್ಟ್ರೆಲ್ ಐಯುಡಿ, ಹಲವರಿಗೆ ಹೊಂದುತ್ತದೆ, ಮುಟ್ಟಿನ ಸ್ರಾವವನ್ನೂ ತಗ್ಗಿಸುತ್ತದೆ. ಹಾಕುವಾಗ ಆಗುವ ನೋವಿಗೆ ನಾಡಿ, ಬಿಪಿ ದಿಢೀರನೆ ಕುಸಿಯಬಹುದು. ಆದ್ದರಿಂದ ಸಣ್ಣ ಕ್ಲಿನಿಕ್ಕಿನಲ್ಲಿ ಬೇಡ, ಮಾನಿಟರ್ ಇರುವ ಆಸ್ಪತ್ರೆಯಲ್ಲೇ ಹಾಕಿಸಿ. ಮುಟ್ಟು ತಡವಾದರೆ ಅದೇ ದಿನ ಪರೀಕ್ಷೆ ಮಾಡಿ ವೈದ್ಯರಿಗೆ ತಿಳಿಸಿ. ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮುಟ್ಟಿನ ವಿಷಯವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಇದೇ ಕಾಯಿಲೆಯ ಔಷಧಿಗಳಾದ ಸೆಲೆಕ್ಸಿಪಾಗ್, ಟ್ರೆಪ್ರೊಸ್ಟಿನಿಲ್ ಅಥವಾ ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ ಸ್ರಾವ ಹೆಚ್ಚಬಹುದು. ಬೊಸೆಂಟಾನ್ ಗುಂಪಿನ ಮಾತ್ರೆಗಳು (ಬೊಸೆಂಟಾನ್, ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್) ಹಿಮೋಗ್ಲೋಬಿನ್ ಇಳಿಸುವುದೂ ಉಂಟು. ಏದುಸಿರು ಜಾಸ್ತಿಯಾದಾಗ ಕಾಯಿಲೆಯೇ ಏರಿತೆಂದು ಔಷಧಿ ಹೆಚ್ಚಿಸುವ ಮುನ್ನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಶೇಖರವಾದ ಕಬ್ಬಿಣಾಂಶದ ಅಳತೆ) ಎರಡನ್ನೂ ನೋಡಿಸಿ.

ಗಂಡಸರಿಗೆ ಮುಖ್ಯ ಎಚ್ಚರಿಕೆ ಸಿಲ್ಡೆನಾಫಿಲ್, ಟಡಾಲಾಫಿಲ್ ಬಗ್ಗೆ. ಲೈಂಗಿಕ ದೌರ್ಬಲ್ಯಕ್ಕೆ ಬೇರೆ ಹೆಸರಿನಲ್ಲಿ ಸಿಗುವುದೂ ಇದೇ ಔಷಧಿ. ಶ್ವಾಸಕೋಶಕ್ಕೆಂದು 20 ಮಿ.ಗ್ರಾಂ ಸಿಲ್ಡೆನಾಫಿಲ್ ದಿನಕ್ಕೆ ಮೂರು ಸಲ ನುಂಗುತ್ತಿರುವವರು ಅದರ ಮೇಲೆ ಇನ್ನೊಂದು ನುಂಗಿದರೆ ಬಿಪಿ ಕುಸಿಯುತ್ತದೆ. ರಿಯೊಸಿಗ್ವಾಟ್ ಜೊತೆಗಂತೂ ಇವನ್ನು ಸೇರಿಸಲೇಬಾರದು. ಎದೆನೋವೆಂದು ನಾಲಿಗೆಯಡಿ ಇಡುವ ನೈಟ್ರೇಟ್ ಕೊಡಲು ಬಂದವರಿಗೆ ಈ ಮಾತ್ರೆಯ ಹೆಸರನ್ನು ಮೊದಲೇ ಹೇಳಿ; ಈ ಮಾತು ಹೆಂಗಸರಿಗೂ ಅನ್ವಯಿಸುತ್ತದೆ. ಬೊಸೆಂಟಾನ್ ಗುಂಪಿನವು ವೀರ್ಯಾಣು ಸಂಖ್ಯೆಯನ್ನು ತಗ್ಗಿಸಬಹುದಾದ್ದರಿಂದ, ಮಕ್ಕಳು ಬೇಕೆನ್ನುವವರು ಔಷಧಿ ಶುರುವಾಗುವ ಮುನ್ನವೇ ವೈದ್ಯರ ಜೊತೆ ಮಾತಾಡಲಿ.

ಗಂಡಸರು "ಚೆನ್ನಾಗಿದ್ದೇನೆ" ಅಂದರೂ 3ರಿಂದ 6 ತಿಂಗಳಿಗೊಮ್ಮೆ ಹೃದಯದ ಎಕೋ, ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತಪರೀಕ್ಷೆ), 6 ನಿಮಿಷದ ನಡಿಗೆ ಪರೀಕ್ಷೆ ತಪ್ಪಿಸಬಾರದು. ಮನೆಯಲ್ಲಿ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ಬರೆದಿಡಿ. ಕೆಲವೇ ದಿನಗಳಲ್ಲಿ ತೂಕ ಏರಿ ಕಾಲು ಊದಿಕೊಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ.