ಗಣಿ ಕಾರ್ಮಿಕರ ದೂಳುರೋಗವನ್ನು ಅಧ್ಯಯನ ಮಾಡುವುದು ಹೇಗೆ?

ಗಣಿ ಕಾರ್ಮಿಕರ ಆರೋಗ್ಯದ ಬಗ್ಗೆ ಸಂಶೋಧನೆಗೆ ಹೊರಡುವವರು ಮೊದಲು ಯಾರನ್ನು ಎಣಿಸಬೇಕು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಉಪಕರಣದ ಮಾತು ಆಮೇಲೆ. ಸಮುದಾಯ ಆರೋಗ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು, ಗಣಿ ಆಸ್ಪತ್ರೆಗಳ ವೈದ್ಯರು, ಕಾರ್ಮಿಕ ಸಂಘಗಳ ಜೊತೆ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತರು ಇಂಥ ಅಧ್ಯಯನವನ್ನು ಕೈಗೆತ್ತಿಕೊಂಡಾಗ ಪಾಲಿಸಬಹುದಾದ ಕ್ರಮವನ್ನು, ಸಿಲಿಕೋಸಿಸ್ ರೋಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಬಂಡೆ ಕೊರೆಯುವಾಗ, ಸಿಡಿಸುವಾಗ, ಅದಿರು ಪುಡಿ ಮಾಡುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚುಕಲ್ಲಿನ (ಸಿಲಿಕಾ) ಕಣಗಳು ಇರುತ್ತವೆ. ಅವು ಶ್ವಾಸಕೋಶದ ತಳದವರೆಗೆ ಇಳಿದು ಅಲ್ಲೇ ಉಳಿದುಬಿಡುತ್ತವೆ, ಸುತ್ತಲಿನ ಅಂಗಾಂಶ ಗಂಟುಗಟ್ಟಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಈ ಹಾನಿಯನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ತಡೆಯುವುದು ಮಾತ್ರ ಸಾಧ್ಯ. ತಡೆಯಬೇಕಾದರೆ ಯಾರಿಗೆ, ಯಾವ ಕೆಲಸದಲ್ಲಿ, ಎಷ್ಟು ದೂಳಿನಿಂದ ಬಂತು ಎಂಬ ಲೆಕ್ಕ ಬೇಕು.

ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಈ ರೋಗ ಇರುವುದು 1940ರ ದಶಕದ ಹೊತ್ತಿಗಾಗಲೇ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿತ್ತು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ರೋಗ ಮಾತ್ರ ಅಂದಿಗೇ ನಿಲ್ಲಲಿಲ್ಲ, ಏಕೆಂದರೆ ಸಾಮಾನ್ಯ ಬಗೆಯ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ ಮತ್ತು ದೂಳಿನಿಂದ ದೂರ ಸರಿದ ಮೇಲೂ ಬೆಳೆಯುತ್ತ ಹೋಗುತ್ತದೆ.

ಯಾರನ್ನು ಎಣಿಸಬೇಕು

ಹೆಚ್ಚಿನ ಅಧ್ಯಯನಗಳು ಎಡವುವುದು ಇಲ್ಲಿಯೇ. ಗಣಿಯ ಗೇಟಿನ ಒಳಗೆ, ಹಾಜರಿ ಪುಸ್ತಕದಲ್ಲಿ ಹೆಸರಿರುವವರನ್ನು ಮಾತ್ರ ಪರೀಕ್ಷಿಸಿದರೆ ಸಿಗುವ ಶೇಕಡಾವಾರು ಪ್ರಮಾಣ ನಿಜಕ್ಕಿಂತ ಕಡಿಮೆಯೇ ಆಗಿರುತ್ತದೆ. ಉಸಿರು ಕಟ್ಟತೊಡಗಿದವನು ಕೊರೆಯುವ ಕೆಲಸ ಬಿಟ್ಟು ಹಗುರ ಕೆಲಸಕ್ಕೆ ಹೋಗಿರುತ್ತಾನೆ, ಇಲ್ಲವೇ ಊರಿಗೆ ಮರಳಿರುತ್ತಾನೆ. ಗಟ್ಟಿಮುಟ್ಟಾಗಿ ಉಳಿದವರು ಮಾತ್ರ ಪರೀಕ್ಷೆಗೆ ಸಿಗುತ್ತಾರೆ. 1993ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಲ್ಲಿನ ಚಿನ್ನದ ಗಣಿಗಳ 2,235 ಬಿಳಿಯ ಕಾರ್ಮಿಕರನ್ನು ಬಹುಕಾಲ ಹಿಂಬಾಲಿಸಿದಾಗ 313 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರೋಗದ ಗುರುತು ಎಕ್ಸ್‌ರೇಯಲ್ಲಿ ಕಾಣಿಸಿದ್ದು ಗಣಿ ಕೆಲಸ ಬಿಟ್ಟ ನಂತರ. ಗೇಟಿನಲ್ಲೇ ಲೆಕ್ಕ ನಿಲ್ಲಿಸಿದ್ದರೆ ಇವರೆಲ್ಲ ಆರೋಗ್ಯವಂತರ ಪಟ್ಟಿಯಲ್ಲೇ ಉಳಿದುಬಿಡುತ್ತಿದ್ದರು.

ಆದ್ದರಿಂದ ಅಧ್ಯಯನದ ಪಟ್ಟಿಯನ್ನು ಈಗಿನ ನೌಕರರಿಂದ ಆರಂಭಿಸಬಾರದು. ಹದಿನೈದು ಇಪ್ಪತ್ತು ವರ್ಷಗಳ ಹಿಂದಿನ ಒಂದು ದಿನಾಂಕವನ್ನು ಗೊತ್ತುಮಾಡಿಕೊಂಡು, ಅಂದು ಆ ಗಣಿಯಲ್ಲಿ ದುಡಿಯುತ್ತಿದ್ದವರೆಲ್ಲರ ಹೆಸರನ್ನು ಕಲೆಹಾಕಿ, ಅವರಲ್ಲಿ ಪ್ರತಿಯೊಬ್ಬರಿಗೂ ಏನಾಯಿತು ಎಂದು ಹುಡುಕುತ್ತ ಹೋಗಬೇಕು. ಗಣಿಗಳು ಇಡುತ್ತಿದ್ದ ‘ಬಿ ಫಾರಂ’ ನೌಕರರ ರಿಜಿಸ್ಟರ್ ಇದಕ್ಕೆ ಮೊದಲ ಆಧಾರ. ಭವಿಷ್ಯನಿಧಿ ಮತ್ತು ಪಿಂಚಣಿ ದಾಖಲೆ, ಕಾರ್ಮಿಕ ಸಂಘದ ಚಂದಾ ಪುಸ್ತಕ, ಗುತ್ತಿಗೆದಾರರ ಕೂಲಿ ಪಟ್ಟಿ ಇವನ್ನೂ ಅದರೊಂದಿಗೆ ಹೋಲಿಸಿ ನೋಡಬೇಕು. ಗುತ್ತಿಗೆ ಕಾರ್ಮಿಕರ ಹೆಸರು ಎಷ್ಟೋ ಸಲ ಈ ಕೂಲಿ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಬಳ್ಳಾರಿ, ಸಂಡೂರು ಭಾಗದಲ್ಲಿ ಕೈಯಿಂದ ಅದಿರು ಒಡೆದು, ಜರಡಿ ಹಿಡಿದು, ಲಾರಿಗೆ ತುಂಬುತ್ತಿದ್ದ ಹೆಂಗಸರಲ್ಲಿ ಹಲವರು ಯಾವ ಕಾಗದದಲ್ಲೂ ಸಿಗುವುದಿಲ್ಲ. ಅವರ ಪಟ್ಟಿಯನ್ನು ಕೇರಿಯಲ್ಲಿ ಕುಳಿತು, ಜೊತೆಗೆ ದುಡಿದವರ ಬಾಯಿಂದಲೇ ಬರೆದುಕೊಳ್ಳಬೇಕು. ತೀರಿಕೊಂಡವರ ಹೆಸರನ್ನೂ ಬಿಡಬಾರದು. ಸಾವಿಗೆ ಮೊದಲು ಎಷ್ಟು ಕಾಲ ಕೆಮ್ಮು, ಏದುಸಿರು ಇತ್ತು, ಕ್ಷಯದ ಔಷಧಿ ಎಷ್ಟು ಸಲ ನಡೆದಿತ್ತು ಎಂಬುದನ್ನು ಮನೆಯವರು ಸ್ಪಷ್ಟವಾಗಿ ಹೇಳಬಲ್ಲರು.

ಕೆಜಿಎಫ್‌ನಂಥ ಕಡೆ ಮನೆ ಭೇಟಿಯ ಸಮಯವೂ ಲೆಕ್ಕದ ಮೇಲೆ ಪರಿಣಾಮ ಬೀರುತ್ತದೆ. ಅಲ್ಲಿಂದ ಸಾವಿರಾರು ಜನ ದಿನವೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಗಲು ಹೊತ್ತಿನಲ್ಲಿ ಮಾತ್ರ ಬಾಗಿಲು ತಟ್ಟಿದರೆ ಹಾಸಿಗೆ ಹಿಡಿದವರಷ್ಟೇ ಸಿಕ್ಕಿ ರೋಗದ ಪ್ರಮಾಣ ಅತಿಯಾಗಿ ಕಾಣಬಹುದು. ಭಾನುವಾರಗಳನ್ನು ಇದಕ್ಕಾಗಿ ಮೀಸಲಿಡುವುದು ಒಳ್ಳೆಯದು.

ಒಪ್ಪಿಗೆ ಮತ್ತು ಭಯ

ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದು ಪ್ರಶ್ನೆಯನ್ನೂ ಕೇಳಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದಕ್ಕೆ ಆಧಾರವಾಗುತ್ತದೆ. ಆದರೆ ಗಣಿ ಕಾರ್ಮಿಕರ ವಿಷಯದಲ್ಲಿ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಕೆಲಸ ಹೋಗುತ್ತದೆ ಎಂಬ ಭಯ ಅವರಲ್ಲಿ ಆಳವಾಗಿದೆ ಮತ್ತು ಆ ಭಯಕ್ಕೆ ಕಾರಣವೂ ಇದೆ. ಸಂದರ್ಶನದ ಜಾಗದಲ್ಲಿ ಮೇಸ್ತ್ರಿಯಾಗಲಿ, ಗುತ್ತಿಗೆದಾರನಾಗಲಿ, ಕಂಪನಿಯ ಅಧಿಕಾರಿಯಾಗಲಿ ಇರಕೂಡದು. ಪರೀಕ್ಷೆಯ ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಯಾರ ಕೈಗೆ ಹೋಗುವುದಿಲ್ಲ, ಕಾನೂನಿನ ಪ್ರಕಾರ ವೈದ್ಯರು ಯಾವುದನ್ನು ವರದಿ ಮಾಡಲೇಬೇಕು ಎಂಬ ಮೂರನ್ನೂ ಮೊದಲೇ ಬಿಡಿಸಿ ಹೇಳಬೇಕು. ಸಿಲಿಕೋಸಿಸ್ ಕಾನೂನಿನಡಿ ಅಧಿಸೂಚಿತ ರೋಗ, ಅಂದರೆ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾದ್ದರಿಂದ ಈ ಕೊನೆಯ ಮಾತನ್ನು ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಅದು ಮೋಸವಾಗುತ್ತದೆ. ಭಾಷೆಯನ್ನೂ ಗಮನಿಸಬೇಕು: ಕೆಜಿಎಫ್‌ನಲ್ಲಿ ತಮಿಳು, ತೆಲುಗು ಮನೆಮಾತಿನವರೇ ಹೆಚ್ಚು, ಬಳ್ಳಾರಿಯ ಗಣಿಗಳಿಗೆ ಹೊರರಾಜ್ಯಗಳಿಂದ ಬಂದು ದುಡಿಯುವವರೂ ಇದ್ದಾರೆ.

ಕೆಲಸದ ಚರಿತ್ರೆ

ಇಡೀ ಅಧ್ಯಯನದಲ್ಲಿ ಅತ್ಯಂತ ತಾಳ್ಮೆ ಬೇಡುವ ಹಂತವಿದು. ‘ಗಣಿಯಲ್ಲಿ ಎಷ್ಟು ವರ್ಷ ದುಡಿದಿರಿ?’ ಎಂದು ಕೇಳಿ ‘ಇಪ್ಪತ್ತೆರಡು’ ಎಂದು ಬರೆದುಕೊಂಡರೆ ಏನೂ ತಿಳಿದಂತಾಗುವುದಿಲ್ಲ. ಅದೇ ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರು ಜಾಕ್‌ಹ್ಯಾಮರ್ ಹಿಡಿದು ಬಂಡೆ ಕೊರೆದಿರಬಹುದು, ಇನ್ನೊಬ್ಬರು ಟ್ರಾಲಿ ತಳ್ಳಿರಬಹುದು, ಮತ್ತೊಬ್ಬರು ಮೇಲ್ಗಡೆಯ ಮಿಲ್ಲಿನಲ್ಲಿ ಅದಿರು ಪುಡಿ ಮಾಡುವ ಯಂತ್ರದ ಬಳಿ ನಿಂತಿರಬಹುದು. ಉದ್ದದ ಹಾಳೆಯೊಂದರಲ್ಲಿ ವರ್ಷಕ್ಕೊಂದು ಗೆರೆ ಎಳೆದು, ಕಾರ್ಮಿಕರಿಗೆ ಚೆನ್ನಾಗಿ ನೆನಪಿರುವ ಘಟನೆಗಳನ್ನು ಮೊದಲು ಗುರುತು ಹಾಕಬೇಕು: ಮದುವೆ, ಮಕ್ಕಳ ಜನನ, ದೊಡ್ಡ ಮುಷ್ಕರ, ಗಣಿ ಮುಚ್ಚಿದ ದಿನ. ಬಳ್ಳಾರಿ ಭಾಗದವರಾದರೆ 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಗಣಿಗಾರಿಕೆ ನಿಂತ ಕಾಲವನ್ನು ಯಾರೂ ಮರೆತಿರುವುದಿಲ್ಲ. ಅದು ದೂಳಿಲ್ಲದ ಅವಧಿಯಾಗಿಯೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ‘ದೊಡ್ಡ ಮಗಳು ಹುಟ್ಟಿದಾಗ ನೀವು ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದಿರಿ, ಯಾವ ಕೆಲಸ?’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಪ್ರತಿ ಅವಧಿಗೂ ಡ್ರಿಲ್ಲಿಗೆ ನೀರಿನ ಪೈಪ್ ಜೋಡಿಸಿರುತ್ತಿತ್ತೇ, ನೀರು ನಿಂತಾಗ ಒಣದಾಗಿಯೇ ಕೊರೆಯುತ್ತಿದ್ದರೇ, ಬ್ಲಾಸ್ಟಿಂಗ್ ಆದ ಎಷ್ಟು ಹೊತ್ತಿಗೆ ಒಳಗೆ ಹೋಗುತ್ತಿದ್ದರು ಎಂಬುದನ್ನು ಕೇಳಬೇಕು. ಒಣದಾಗಿ ಕೊರೆದ ಒಂದು ವರ್ಷವನ್ನು ನೀರು ಹಾಯಿಸಿ ಕೊರೆದ ಒಂದು ವರ್ಷಕ್ಕೆ ಸಮ ಎಂದು ಹಿಡಿಯುವಂತಿಲ್ಲ. ಬೀಡಿ, ಸಿಗರೇಟಿನ ಅಭ್ಯಾಸವನ್ನೂ ಹೀಗೆಯೇ ವರ್ಷವಾರು ಬರೆದುಕೊಳ್ಳಬೇಕು.

ದೂಳನ್ನು ಅಳೆಯುವುದು

ಗಣಿಯ ಮೂಲೆಯಲ್ಲಿ ಯಂತ್ರವಿಟ್ಟು ಅಳೆದ ದೂಳು ಕಾರ್ಮಿಕನ ಎದೆಯೊಳಗೆ ಹೋದ ದೂಳನ್ನು ತಿಳಿಸುವುದಿಲ್ಲ. ಸೊಂಟದ ಬೆಲ್ಟಿಗೆ ಸಣ್ಣ ಪಂಪನ್ನು ಕಟ್ಟಿ, ಅದರ ಕೊಳವೆಯ ತುದಿಯಲ್ಲಿರುವ ಸೈಕ್ಲೋನ್ ಮತ್ತು ಫಿಲ್ಟರನ್ನು ಅಂಗಿಯ ಕಾಲರಿಗೆ, ಮೂಗಿನಿಂದ 30 ಸೆಂಟಿಮೀಟರ್ ಒಳಗೆ ಸಿಕ್ಕಿಸಬೇಕು. ದಪ್ಪ ಕಣಗಳನ್ನು ಬೇರ್ಪಡಿಸಿ, ಶ್ವಾಸಕೋಶದ ತಳ ತಲುಪುವಷ್ಟು ಸಣ್ಣ ಕಣಗಳನ್ನು ಮಾತ್ರ ಫಿಲ್ಟರಿಗೆ ಬಿಡುವುದು ಸೈಕ್ಲೋನಿನ ಕೆಲಸ. ಅದು ಸರಿಯಾಗಿ ನಡೆಯಬೇಕಾದರೆ ಆಯಾ ಸೈಕ್ಲೋನಿಗೆ ನಿಗದಿಯಾದ ವೇಗದಲ್ಲೇ ಗಾಳಿ ಎಳೆಯಬೇಕು. 10 ಮಿಲಿಮೀಟರಿನ ನೈಲಾನ್ ಸೈಕ್ಲೋನಿಗೆ ನಿಮಿಷಕ್ಕೆ 1.7 ಲೀಟರ್, ಹಿಗ್ಗಿನ್ಸ್–ಡ್ಯೂವೆಲ್ ಬಗೆಯದಕ್ಕೆ 2.2 ಲೀಟರ್ ರೂಢಿಯಲ್ಲಿದೆ. ಈ ವೇಗವನ್ನು ಪಾಳಿಗೆ ಮುಂಚೆಯೂ ಪಾಳಿ ಮುಗಿದ ಮೇಲೂ ಪರೀಕ್ಷಿಸಿ ಬರೆದಿಡಬೇಕು. ಎರಡರ ನಡುವೆ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮಾದರಿಯನ್ನು ಕೈಬಿಡುವುದೇ ಸರಿ, ಎಷ್ಟೇ ಕಷ್ಟಪಟ್ಟು ತಂದಿದ್ದರೂ.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ನಿಮಿಷಕ್ಕೆ 2.2 ಲೀಟರಿನಂತೆ 480 ನಿಮಿಷಗಳ ಪಾಳಿಯಲ್ಲಿ ಫಿಲ್ಟರಿನ ಮೂಲಕ ಹಾದ ಗಾಳಿ 1,056 ಲೀಟರ್, ಅಂದರೆ 1.056 ಘನ ಮೀಟರ್. ಫಿಲ್ಟರಿನ ತೂಕ 1.2 ಮಿಲಿಗ್ರಾಂ ಹೆಚ್ಚಿದೆ ಎಂದಿಟ್ಟುಕೊಂಡರೆ ಘನ ಮೀಟರಿಗೆ ಸುಮಾರು 1.14 ಮಿಲಿಗ್ರಾಂ ದೂಳು ಇತ್ತೆಂದಾಯಿತು. ಪ್ರಯೋಗಾಲಯದಲ್ಲಿ ಎಕ್ಸ್‌ರೇ ವಿವರ್ತನೆ ಅಥವಾ ಇನ್‌ಫ್ರಾರೆಡ್ ವಿಧಾನದಿಂದ ನೋಡಿದಾಗ ಅದರಲ್ಲಿ ಶೇ 12ರಷ್ಟು ಬೆಣಚುಕಲ್ಲಿನ ಸಿಲಿಕಾ ಸಿಕ್ಕರೆ, ಸಿಲಿಕಾದ ಪ್ರಮಾಣ ಘನ ಮೀಟರಿಗೆ ಸುಮಾರು 0.136 ಮಿಲಿಗ್ರಾಂ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವ ಮಿತಿ 0.05 ಮಿಲಿಗ್ರಾಂ, ನಮ್ಮ ಉದಾಹರಣೆಯ ಕಾರ್ಮಿಕ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಸಿಲಿಕಾವನ್ನು ಉಸಿರಾಡಿದ್ದಾನೆ. ಬರಿಗಣ್ಣಿಗೆ ಆ ಜಾಗ ತಕ್ಕಮಟ್ಟಿಗೆ ಶುಭ್ರವಾಗಿಯೇ ಕಂಡಿರಬಹುದು. ತೂಕದ ವ್ಯತ್ಯಾಸ ಇಷ್ಟು ಸೂಕ್ಷ್ಮವಾದ್ದರಿಂದ ಫಿಲ್ಟರುಗಳನ್ನು ಎರಡು ಸಲವೂ ಒಂದೇ ತೇವಾಂಶದ ಕೋಣೆಯಲ್ಲಿ ಇಟ್ಟು ತೂಗಬೇಕು, ಗಾಳಿ ಎಳೆಯದ ಖಾಲಿ ಫಿಲ್ಟರುಗಳನ್ನೂ ಗಣಿಗೆ ಒಯ್ದು ತಂದು ಜೊತೆಗೆ ತೂಗಬೇಕು.

ಅಳತೆಯ ದಿನವನ್ನು ಮುಂಚಿತವಾಗಿ ಸಾರಿದರೆ ಅಂದು ರಸ್ತೆಗಳಿಗೆ ಎರಡು ಸಲ ನೀರು ಬೀಳುತ್ತದೆ. ಬೇರೆ ಬೇರೆ ದಿನ, ರಾತ್ರಿ ಪಾಳಿಯೂ ಸೇರಿದಂತೆ, ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಮಾದರಿ ತೆಗೆಯಬೇಕು. ಪ್ರತಿ ಕೆಲಸಕ್ಕೂ ಸಿಕ್ಕ ಸರಾಸರಿಯನ್ನು ಕೆಲಸದ ಚರಿತ್ರೆಯ ಹಾಳೆಯಲ್ಲಿನ ವರ್ಷಗಳಿಂದ ಗುಣಿಸಿ ಕೂಡಿಸಿದರೆ ಆ ವ್ಯಕ್ತಿಯ ಒಟ್ಟು ದೂಳಿನ ಲೆಕ್ಕ ಸಿಗುತ್ತದೆ.

ಎದೆಯ ಪರೀಕ್ಷೆ

ಎಕ್ಸ್‌ರೇಗಳನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣದಂತೆ ಓದಬೇಕು. ಸಣ್ಣ ಕಲೆಗಳ ದಟ್ಟಣೆಯನ್ನು ಪ್ರಮಾಣಿತ ಚಿತ್ರಗಳ ಪಕ್ಕದಲ್ಲಿಟ್ಟು 0ಯಿಂದ 3ರವರೆಗಿನ ನಾಲ್ಕು ಮುಖ್ಯ ವರ್ಗ, ಹನ್ನೆರಡು ಉಪವರ್ಗಗಳಲ್ಲಿ ಗುರುತಿಸುವ ಈ ಪದ್ಧತಿಯಲ್ಲಿ ತರಬೇತಿ ಪಡೆದ ಇಬ್ಬರಾದರೂ ವೈದ್ಯರು, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ, ಕಾರ್ಮಿಕನ ಹೆಸರನ್ನಾಗಲಿ ಕೆಲಸವನ್ನಾಗಲಿ ನೋಡದೆ ಓದಬೇಕು. ಮೂವರಾದರೆ ಇನ್ನೂ ಒಳ್ಳೆಯದು. ಕೊಳವೆಗೆ ಜೋರಾಗಿ ಊದಿಸಿ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಶ್ವಾಸ ಪರೀಕ್ಷೆಯಲ್ಲಿ ಕನಿಷ್ಠ ಮೂರು ಸರಿಯಾದ ಊದುವಿಕೆಗಳು ಇರಬೇಕು ಮತ್ತು ಅವುಗಳಲ್ಲಿ ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು.

ಕ್ಷಯದ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುತ್ತದೆ. ಸಿಲಿಕೋಸಿಸ್ಸನ್ನೇ ಕ್ಷಯವೆಂದು ತಿಳಿದು ಪದೇ ಪದೇ ಮಾತ್ರೆ ಕೊಡುವುದೂ ಉಂಟು. ಕೆಲಸ ಏನೆಂದು ಕೇಳದ ಆಸ್ಪತ್ರೆಗೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಕಫದ ಪರೀಕ್ಷೆಯ ಫಲಿತಾಂಶ, ಹಿಂದಿನ ಚಿಕಿತ್ಸೆಯ ಚೀಟಿಗಳು, ಹಳೆಯ ಎಕ್ಸ್‌ರೇಗಳು ಮನೆಯಲ್ಲಿ ಇದ್ದರೆ ಕೇಳಿ ನೋಡಬೇಕು. ಗಣಿಯಲ್ಲಿ ಕಾಲಕಾಲಕ್ಕೆ ನಡೆಯಬೇಕಾದ ವೈದ್ಯಕೀಯ ತಪಾಸಣೆಯ ಪ್ರಮಾಣಪತ್ರವಾದ ‘ಓ ಫಾರಂ’ ಪ್ರತಿ ಸಿಕ್ಕರೆ ರೋಗ ಯಾವ ಹಂತದಲ್ಲಿ ಕಣ್ತಪ್ಪಿತು ಎಂಬುದೂ ತಿಳಿಯುತ್ತದೆ.

ಅಪಘಾತಗಳ ಅಧ್ಯಯನದಲ್ಲೂ ಎಣಿಕೆಯ ಪ್ರಶ್ನೆ ಇದೇ. ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಸಾವುಗಳ ಪ್ರಮಾಣವನ್ನು ಪ್ರತಿ 1,000 ಕಾರ್ಮಿಕರಿಗೆ ಇಷ್ಟೆಂದು ಪ್ರಕಟಿಸುತ್ತದೆ. ಆ ಸಾವಿರದಲ್ಲಿ ಗುತ್ತಿಗೆಯವರು ಸೇರಿದ್ದಾರೆಯೇ ಎಂದು ಪ್ರತಿ ಗಣಿಯಲ್ಲೂ ಕೇಳಿ ತಿಳಿಯಬೇಕು.

ಫಲಿತಾಂಶವನ್ನು ಮರಳಿಸುವುದು

ಪ್ರತಿಯೊಬ್ಬ ಕಾರ್ಮಿಕನಿಗೂ ಅವನ ಎಕ್ಸ್‌ರೇ, ಶ್ವಾಸ ಪರೀಕ್ಷೆಯ ವರದಿ ಮತ್ತು ಕೆಲಸದ ಚರಿತ್ರೆಯ ಪ್ರತಿ ಅವನ ಭಾಷೆಯ ವಿವರಣೆಯೊಂದಿಗೆ ಕೈಸೇರಬೇಕು, ಪ್ರಬಂಧ ಪ್ರಕಟವಾಗುವುದಕ್ಕೆ ಮೊದಲೇ. ನೌಕರರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ಪರಿಹಾರ ಕೇಳುವವನ ಕೈಯಲ್ಲಿ ಈ ಕಾಗದಗಳು ಇಲ್ಲದಿದ್ದರೆ ಕಾಯ್ದೆ ಅವನ ನೆರವಿಗೆ ಬರುವುದು ಕಷ್ಟ. ರೋಗ ಕಂಡವರನ್ನು ಜಿಲ್ಲಾ ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಕಳುಹಿಸುವ ಏರ್ಪಾಡನ್ನು ಅಧ್ಯಯನದ ಖರ್ಚಿನ ಅಂದಾಜಿನಲ್ಲೇ ಸೇರಿಸಿಕೊಳ್ಳಬೇಕು. ರೋಗ ಕಾಣದವರ ಹೆಸರಿನ ಮುಂದೆ ಊರಿನ ವಿಳಾಸ, ಹತ್ತಿರದ ಸಂಬಂಧಿಯೊಬ್ಬರ ಫೋನ್ ನಂಬರ್ ಮತ್ತು ಮುಂದಿನ ಎಕ್ಸ್‌ರೇಯ ತಿಂಗಳನ್ನು ಬರೆದಿಟ್ಟು, ಅವರು ಗಣಿ ಬಿಟ್ಟು ಎಲ್ಲಿಗೇ ಹೋದರೂ ಮತ್ತೆ ಸಂಪರ್ಕಿಸಲು ಈಗಲೇ ಅವರಿಂದ ಒಪ್ಪಿಗೆ ಪಡೆದುಕೊಳ್ಳಬೇಕು.