ಕಡಲಿನ ಬಾಕಿ

2005ರ ಜುಲೈ 26ರ ಮಧ್ಯಾಹ್ನ ನಾನು ಮುಂಬೈಯ ಕುರ್ಲಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದೆ. ಮೂರೂವರೆಯ ಹೊತ್ತಿಗೆ ಮೊದಲ ಮೆಟ್ಟಿಲು ಮುಳುಗಿತು. ಕತ್ತಲಾಗುವಷ್ಟರಲ್ಲಿ ನೀರು ಮೇಜುಗಳ ಮಟ್ಟಕ್ಕೆ ಬಂದಿತ್ತು. ಉದ್ರಿ ಪುಸ್ತಕಗಳನ್ನು ಎದೆಗವಚಿಕೊಂಡು ಮಾಣಿಗಳ ಜೊತೆ ಅಟ್ಟ ಹತ್ತಿದೆ. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತೆಂದು, ಉಬ್ಬರವೂ ಸೇರಿದ್ದರಿಂದ ಮೀಠಿ ನದಿಯ ನೀರು ಕಡಲಿಗೆ ಇಳಿಯಲಾರದೆ ಊರಿಗೇ ತಿರುಗಿತೆಂದು ಆಮೇಲೆ ಓದಿ ತಿಳಿದೆ. ಅಟ್ಟದ ಕತ್ತಲಲ್ಲಿ ನಮ್ಮ ಅಡುಗೆ ಭಟ್ಟರು ಒಂದೇ ಮಾತು ಹೇಳಿದರು: “ಇದು ಅದರದ್ದೇ ಜಾಗ. ಕೇಳಲು ಬಂದಿದೆ.”

ಆ ಮಾತು ಕಾದಂಬರಿಯಾಗಲು ಹದಿನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಬಹುಪಾಲು ವರ್ಷಗಳನ್ನು ನಾನು ಬೇರೆ ಕಡೆ ಹುಡುಕುತ್ತಾ ಕಳೆದೆ.

ಕಾರ್ಕಳದ ಕಡೆಯ ಹಳ್ಳಿಯಿಂದ ಹದಿನಾರನೆಯ ವಯಸ್ಸಿಗೆ ಮುಂಬೈಗೆ ಬಂದವನು ನಾನು. ಹಗಲು ಹೋಟೆಲು, ಸಂಜೆ ರಾತ್ರಿ ಶಾಲೆ. ಬರೆಯುವುದನ್ನು ಕಲಿಸುವವರು ಯಾರೂ ಇರಲಿಲ್ಲ. ಫ್ಯಾಂಟಸಿ ಎಂದರೆ ಕೋಟೆ, ಹಿಮ, ಉದ್ದ ಗಡ್ಡದ ಮಾಂತ್ರಿಕ ಎಂದು ಟಿವಿ ನೋಡಿ ತಿಳಿದುಕೊಂಡು, 2009ರಿಂದ ಮೂರು ವರ್ಷ ಕುಳಿತು ನಾನೂರು ಪುಟ ಬರೆದೆ. ಮುಗಿಸಿ ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು. ನನ್ನ ನಾಯಕ ಹಿಮದಲ್ಲಿ ನಡೆಯುತ್ತಾನೆ, ಆದರೆ ಅವನ ಪಾದಕ್ಕೆ ಏನಾಗುತ್ತದೆಂದು ಒಂದು ಸಾಲಿನಲ್ಲೂ ಇಲ್ಲ. ನಾನು ಹಿಮ ತುಳಿದವನಲ್ಲ. ಅದೇ ಪುಸ್ತಕದ ಒಂದು ಪುಟದಲ್ಲಿ ಅವನು ಕೆಸರು ದಾಟುತ್ತಾನೆ. ಅಲ್ಲಿ ಮಾತ್ರ ಬೆರಳ ಸಂದಿಯಲ್ಲಿ ಹೊರಬರುವ ಮಣ್ಣು, ಒಂದು ಚಪ್ಪಲಿ ಕಳೆದುಕೊಳ್ಳುವುದು, ಮೊಣಕಾಲಿನ ತುರಿಕೆ ಎಲ್ಲವೂ ಇದ್ದವು. ಆ ಒಂದು ಪುಟವನ್ನು ಉಳಿಸಿಕೊಂಡೆ.

ಅದೇ ಸಮಯದಲ್ಲಿ ಒಂದು ಸಾಹಿತ್ಯ ಕೂಟದಲ್ಲಿ ಹಿರಿಯರೊಬ್ಬರು, ಮಾಯಮಂತ್ರದ ಕಥೆ ಮಕ್ಕಳಿಗಾಯಿತು, ನಿಜವಾದ ಕಾದಂಬರಿ ಬರೆಯಿರಿ ಎಂದರು. ನನಗೆ ಬೇಸರವಾಯಿತು. ನಾವು ಬಳಸುವ ‘ಕಾದಂಬರಿ’ ಎಂಬ ಪದವೇ ಏಳನೆಯ ಶತಮಾನದ ಬಾಣಭಟ್ಟನ ನಾಯಕಿಯ ಹೆಸರು. ಅವಳು ಗಂಧರ್ವ ಕನ್ಯೆ. ಆ ಕಥೆಯನ್ನು ಹೇಳುವುದು ಒಂದು ಗಿಳಿ. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಮರಾಠಿಯವರೂ ಇದೇ ಪದವನ್ನು ಬಳಸುತ್ತಾರೆ. ಅದ್ಭುತವನ್ನು ಬರೆಯುವವನು ಈ ಮನೆಗೆ ಹೊರಗಿನವನಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

2016ರಲ್ಲಿ ಮತ್ತೆ ಆರಂಭಿಸಿದಾಗ ಭಟ್ಟರ ಮಾತು ನೆನಪಾಯಿತು. ವಾರದ ರಜೆಯಂದು ಮುಂಬೈಯ ಹಳೆಯ ನೀರನ್ನು ಹುಡುಕುತ್ತಾ ನಡೆಯಲು ಹೊರಟೆ. ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಝಗಾಂವ್, ಪರೇಲ್, ವರ್ಲಿ, ಮಾಹಿಂ ಎಂಬ ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿಸಿ ಮಾಡಿದ ಊರು ಇದು. ವರ್ಲಿಯ ಬಳಿ ನೀರು ಒಳನುಗ್ಗುತ್ತಿದ್ದ ಕಂಡಿಯನ್ನು ಹಾರ್ನ್‌ಬಿ ಎಂಬ ಗವರ್ನರ್ 1780ರ ದಶಕದಲ್ಲಿ ಕಟ್ಟೆ ಹಾಕಿಸಿ ಮುಚ್ಚಿದ. ಕಟ್ಟೆ ಮತ್ತೆ ಮತ್ತೆ ಕುಸಿಯಿತು, ಕೆಲಸ ಮಾಡಿಸುತ್ತಿದ್ದವನ ಕನಸಿಗೆ ದೇವಿ ಬಂದಳು, ಸಮುದ್ರದಲ್ಲಿದ್ದ ಮೂರ್ತಿಗಳನ್ನು ಮೇಲೆತ್ತಿದ ಮೇಲೆಯೇ ಕಟ್ಟೆ ನಿಂತಿತು ಎಂಬುದು ಮಹಾಲಕ್ಷ್ಮಿ ದೇವಸ್ಥಾನದ ಐತಿಹ್ಯ. ವರ್ಲಿಯ ಕೋಲಿ ಮೀನುಗಾರರು ಈಗಲೂ ಶ್ರಾವಣ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರಿಕೆಯ ಹೊಸ ಋತುವನ್ನು ಬರಮಾಡಿಕೊಳ್ಳುತ್ತಾರೆ.

ಗಲ್ಲಾದಲ್ಲಿ ಕುಳಿತವನಿಗೆ ಇದೆಲ್ಲ ಹೇಗೆ ಕಾಣಬೇಕೋ ಹಾಗೆಯೇ ಕಂಡಿತು. ನೆಲ ಕೊಂಡವರಿದ್ದಾರೆ, ಕೊಟ್ಟ ಕಡಲಿದೆ, ನಡುವೆ ಒಂದು ತೆಂಗಿನಕಾಯಿಯಷ್ಟು ಬಡ್ಡಿ ಸಂದಾಯವಾಗುತ್ತಿದೆ. ಹಾಗಾದರೆ ಅಸಲು? ಕಡಲು ಅಸಲನ್ನು ಕೇಳಿದರೆ ಏನು ಕೇಳುತ್ತದೆ? ಹೆಣವನ್ನಲ್ಲ, ಚಿನ್ನವನ್ನಲ್ಲ. ಅವೆರಡೂ ಅದರ ಬಳಿ ಬೇಕಾದಷ್ಟಿವೆ. ಈ ಪ್ರಶ್ನೆಯನ್ನು ತಿಂಗಳುಗಟ್ಟಲೆ ಜೊತೆಗಿಟ್ಟುಕೊಂಡು ತಿರುಗಿದೆ.

ಉತ್ತರ ಸಿಕ್ಕಿದ್ದು ಮುಂಬೈ ಹೊರವಲಯದ ಡೊಂಬಿವಲಿಯ ಮನೆಯಲ್ಲಿ. ಊರಿನಿಂದ ಅಜ್ಜಿ ಫೋನ್ ಮಾಡಿದ್ದರು. ಅಣ್ಣನ ಮಗಳು ಮಾತನಾಡುತ್ತಾ ಒಂದು ಪದ ಸಿಗದೆ ನಿಂತಳು. ಹಿಂದಿಯಲ್ಲಿ ಹುಡುಕಿದಳು, ಮರಾಠಿಯಲ್ಲಿ ಹೇಳಿದಳು, ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಂದು ರಾತ್ರಿ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದೆ: ಕಡಲು ಅಸಲಾಗಿ ಪದಗಳನ್ನು ಒಯ್ಯುತ್ತದೆ.

ನನ್ನ ಕಾದಂಬರಿಯ ಊರಿಗೆ ಏಳ್ಕುದುರು ಎಂದು ಹೆಸರಿಟ್ಟೆ. ನಮ್ಮ ಕರಾವಳಿಯಲ್ಲಿ ನೀರಿನ ನಡುವಿನ ನೆಲಕ್ಕೆ ಕುದುರು ಎನ್ನುತ್ತಾರೆ. ಅಲ್ಲಿ ಒಂದು ಮನೆ ಕಟ್ಟಬೇಕಾದರೆ ಆ ಮನೆಯವರು ಒಂದು ಪದವನ್ನು ಕಡಲಿಗೆ ಬರೆದುಕೊಡಬೇಕು. ಬರೆದುಕೊಟ್ಟ ಪದ ಮರುದಿನ ಬೆಳಿಗ್ಗೆ ಅವರ ಬಾಯಿಗೆ ಬರುವುದಿಲ್ಲ, ಆ ಪದದ ವಸ್ತುವೂ ನಿಧಾನವಾಗಿ ಮನೆಯಿಂದ ಕಾಣೆಯಾಗುತ್ತದೆ. ಮಾಯಮಂತ್ರ ಬರೆಯುವಾಗ ನಾನು ಬಹಳ ಕಷ್ಟಪಟ್ಟಿರುವುದು ಇಂಥ ಕಟ್ಟಳೆಗಳ ಮೇಲೆಯೇ. ಮೊದಲ ಹಸ್ತಪ್ರತಿಯಲ್ಲಿ ಮಾಂತ್ರಿಕ ಏನನ್ನು ಬೇಕಾದರೂ ಮಾಡಬಲ್ಲವನಾಗಿದ್ದ, ಆದ್ದರಿಂದ ಅವನಿಗಾಗಿ ಯಾರಿಗೂ ಆತಂಕವಾಗುತ್ತಿರಲಿಲ್ಲ. ಈಗ ಏಳ್ಕುದುರಿಗೆ ಒಂದು ಖಾತೆ ಪುಸ್ತಕವನ್ನೇ ಇಟ್ಟಿದ್ದೇನೆ: ಯಾವ ಮನೆ, ಯಾವ ಪದ, ಯಾವ ತಿಥಿ. ಐವತ್ತನೆಯ ಪುಟದಲ್ಲಿ ‘ಒಲೆ’ ಎಂಬ ಪದವನ್ನು ಕೊಟ್ಟವಳು ಇನ್ನೂರನೆಯ ಪುಟದಲ್ಲಿ ಅದನ್ನು ಉಚ್ಚರಿಸುವ ಹಾಗಿಲ್ಲ.

ತಿಥಿ ಏಕೆಂದರೆ, ವಸೂಲಿ ನಡೆಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ. ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇದನ್ನು ನಾನು ಮೊದಲು ಕಂಡದ್ದು ರೈಲಿನ ಕಿಟಕಿಯಿಂದ. ಸ್ಲೋ ಲೋಕಲ್ ಮುಂಬ್ರಾ ದಾಟುವಾಗ ಥಾಣೆಯ ಖಾಡಿ, ಅಂದರೆ ಕಡಲು ಒಳನುಗ್ಗುವ ಅಳಿವೆ, ಕಾಣುತ್ತದೆ. ಒಂದು ವರ್ಷ, ದಿನವೂ ಅದೇ ಹೊತ್ತಿಗೆ, ಕೆಸರು ಕಾಣುತ್ತಿದೆಯೇ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಸೊಂಟದವರೆಗೆ ಮುಳುಗಿವೆಯೇ ಎಂದು ಗುರುತು ಹಾಕಿಕೊಂಡೆ. ಆ ಟಿಪ್ಪಣಿಯೇ ನನ್ನ ಕಥೆಯ ಪಂಚಾಂಗವಾಯಿತು.

ರಕ್ಕಸರನ್ನು ತರುವುದನ್ನು ಕಲಿತದ್ದು ಯಕ್ಷಗಾನದಿಂದ. ಊರಿನ ಮೇಳಗಳು ಮಳೆಗಾಲದಲ್ಲಿ ಮುಂಬೈಗೆ ಬಂದಾಗ ತಪ್ಪದೆ ಹೋಗುತ್ತೇನೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ, ನೇರವಾಗಿ ರಂಗಕ್ಕೆ ಬರುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ, ಹಿಂದಿನಿಂದ ಅಬ್ಬರ ಕೇಳುತ್ತದೆ, ಚೆಂಡೆ ಏರುತ್ತದೆ, ಕಿರೀಟ ಒಮ್ಮೆ ಕಂಡು ಮರೆಯಾಗುತ್ತದೆ. ತೆರೆ ಇಳಿಯುವಷ್ಟರಲ್ಲಿ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ. ನನ್ನ ಕಡಲಿನ ವಸೂಲಿಗಾರನೂ ಹಾಗೆಯೇ. ಮೊದಲ ಮೂರು ಅಧ್ಯಾಯಗಳಲ್ಲಿ ಅವನ ಒದ್ದೆ ಹೆಜ್ಜೆಗಳು ಮಾತ್ರ ಇವೆ.

ಬರೆಯುವ ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕು, ಊಟ ಮುಗಿದು ಚಹಾ ಶುರುವಾಗುವ ಮೊದಲು. ದಿನಕ್ಕೆ ಒಂದು ಪುಟ. ಬರೆದುದನ್ನು ಭಟ್ಟರಿಗೆ ಓದಿ ಹೇಳುತ್ತಿದ್ದೆ, ಅವರು ಈರುಳ್ಳಿ ಹೆಚ್ಚುತ್ತಾ ಕೇಳುತ್ತಿದ್ದರು. ಒಂದು ದಿನ ಕೈ ನಿಲ್ಲಿಸಿ ಕೇಳಿದರು: “ಆ ಹುಡುಗಿ ಮೂರು ದಿನದಿಂದ ದೋಣಿಯಲ್ಲಿದ್ದಾಳಲ್ಲ, ಏನು ತಿಂದಳು?” ನನ್ನ ಬಳಿ ಉತ್ತರವಿರಲಿಲ್ಲ. ಇಡೀ ಅಧ್ಯಾಯವನ್ನು ತಿದ್ದಿದೆ. ಒಣಮೀನು ಬಂತು, ಅದರ ವಾಸನೆಗೆ ಹಕ್ಕಿಗಳು ಬಂದವು, ಹಕ್ಕಿಗಳ ಹಿಂದೆ ವಸೂಲಿಗಾರ ಬಂದ. ಕಾದಂಬರಿಯ ಅತ್ಯಂತ ಭಯದ ಪ್ರಸಂಗ ಹಾಗೆ ಹುಟ್ಟಿತು.

2019ರಲ್ಲಿ ಮೂರನೆಯ ಕರಡು ಮುಗಿಯಿತು. ಇಬ್ಬರು ಪ್ರಕಾಶಕರು ಹಿಂದಿರುಗಿಸಿದರು. ಉಳಿತಾಯದ ಹಣದಲ್ಲಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದೆ, ಪರಿಚಿತರ ಹೋಟೆಲುಗಳ ಗಲ್ಲಾಗಳಲ್ಲಿ ಇಟ್ಟು ಮಾರಿದೆ.

ಅಣ್ಣನ ಮಗಳಿಗೂ ಒಂದು ಪ್ರತಿ ಕೊಟ್ಟಿದ್ದೆ. ಕನ್ನಡವನ್ನು ಅವಳು ಅಕ್ಷರ ಕೂಡಿಸಿ ಓದುತ್ತಾಳೆ; ನಾಲ್ಕು ತಿಂಗಳು ತೆಗೆದುಕೊಂಡಳು. ಮುಗಿಸಿದ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆ ತಂದಳು. “ಚಿಕ್ಕಪ್ಪ, ನನ್ನಿಂದ ಕಡಲು ತೆಗೆದುಕೊಂಡ ಪದಗಳು ಇವು.” ಅರ್ಥವಾಗದ ನಲವತ್ತೊಂದು ಪದಗಳಿದ್ದವು: ಹೊಸ್ತಿಲು, ಅಟ್ಟಳಿಗೆ, ಹಡಿಲು, ಮುಸ್ಸಂಜೆ, ತೊರೆ. ಅವುಗಳ ಅರ್ಥವನ್ನು ಒಂದೊಂದಾಗಿ ಹೇಳಿದೆ. ಎರಡನೆಯ ಭಾಗದಲ್ಲಿ ಒಬ್ಬ ಹುಡುಗಿ ಈ ನಲವತ್ತೊಂದನ್ನೂ ಬಿಡಿಸಿಕೊಂಡು ಬರಲು ಕಡಲಿಗೆ ಇಳಿಯುತ್ತಾಳೆ. ಸದ್ಯ ಅವಳ ಕೈಯಲ್ಲಿ ಹೊಸ್ತಿಲು ಇದೆ. ಅದನ್ನು ಎಲ್ಲಿ ಇಡಬೇಕೆಂದು ಅವಳಿಗೂ ನನಗೂ ಇನ್ನೂ ತಿಳಿದಿಲ್ಲ.